ಗದಗಿನ ಗಾನಶಾಲೆ

ಹಳ್ಳಿಯ ಬಡವರ ಮನೆಯಲ್ಲಿ ಕುರುಡು ಮಗು ಹುಟ್ಟಿದರೆ ಗತಿಯೇನು? ಒಂದು ಕಾಲಕ್ಕೆ ಉತ್ತರ ಕರ್ನಾಟಕದವರ ಬಾಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ: 'ಗದಗಿಗೆ ಕಳಸ್ರಿ.' ಅಲ್ಲಿ ವೀರೇಶ್ವರ ಪುಣ್ಯಾಶ್ರಮವಿತ್ತು. ಅನ್ನ, ವಸತಿ, ಸಂಗೀತ. ಯಾವುದಕ್ಕೂ ಕಾಸಿಲ್ಲ, ಜಾತಿ ಕೇಳುವವರೂ ಇಲ್ಲ.

ಕಟ್ಟಿದವರು ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (1892–1944). ಹಾನಗಲ್ಲ ಮಠದ ಕುಮಾರಸ್ವಾಮಿಗಳ ಆಸರೆಯಲ್ಲಿ ತಾವು ಕಲಿತದ್ದನ್ನು ಶಿಷ್ಯರಿಗೆ ಹಂಚುತ್ತ ಊರೂರು ಅಲೆದರು. ಅವರ ಶಾಲೆಗೆ ಮೊದಲು ಗೋಡೆಗಳೇ ಇರಲಿಲ್ಲ, ಗುರು ನಡೆದಲ್ಲಿ ಶಾಲೆ ನಡೆಯುತ್ತಿತ್ತು; ಗದಗಿನಲ್ಲಿ ನೆಲೆ ನಿಂತದ್ದು ಆಮೇಲೆ. ಅವರ ನಂತರ ಹೊರೆ ಹೊತ್ತ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು ಎಲ್ಲವೂ ಅವರ ಕೈಗೆ ಒಗ್ಗಿದ್ದವು. ನಾಟಕ ಬರೆದರು, ಕಂಪನಿ ನಡೆಸಿದರು. ಆ ದುಡಿಮೆಯೂ ಭಕ್ತರು ಮಾಡಿಸಿದ ತುಲಾಭಾರದ ಹಣವೂ ಮಕ್ಕಳ ಊಟಕ್ಕೆ ಹೋದವು. (ಸರಕಾರಿ ಅನುದಾನ ನೆಚ್ಚಿ ಕೂತಿದ್ದರೆ ಒಲೆ ಎಂದೋ ಆರುತ್ತಿತ್ತು ಅನ್ನುವುದು ನನ್ನ ಅನುಮಾನ.)

ನನಗೆ ಹೆಚ್ಚು ಹಿಡಿಸಿದ್ದು ಕಲಿಸುವ ರೀತಿ. ಗುರು ಹಾಡಬೇಕು, ಮಗು ಕೇಳಬೇಕು, ತಿರುಗಿ ಹಾಡಬೇಕು. ಕಾಗದದ ಹಂಗಿಲ್ಲದ ಈ ಕಲಿಕೆಯಲ್ಲಿ ಕಣ್ಣಿದ್ದವನಿಗೆ ಹೆಚ್ಚಿನ ಲಾಭವೇನೂ ಇಲ್ಲ. ಕಣ್ಣಿದ್ದವನೂ ಇಲ್ಲದವನೂ ಒಂದೇ ಚಾಪೆಯ ಮೇಲೆ ಸರಿಸಮ. ಬಳ್ಳಾರಿ ಸೀಮೆಯ ಹಳ್ಳಿಯಿಂದ ಹುಡುಗನಾಗಿ ಬಂದ ಹಿಂದೂಸ್ತಾನಿ ಗಾಯಕ ವೆಂಕಟೇಶ ಕುಮಾರ್ ವರ್ಷಗಟ್ಟಲೆ ಇಲ್ಲೇ ಇದ್ದು ಕಲಿತವರು. ಅವರ ಕಛೇರಿ ಕೇಳಿದ್ದೀರಾದರೆ, ಖಯಾಲ್ ಮುಗಿದ ಮೇಲೆ ವಚನಕ್ಕೆ ಇಳಿಯುವಾಗ ಆ ದನಿ ಎಷ್ಟು ಸಲೀಸಾಗಿ ಊರ ಭಜನೆಯ ಕಟ್ಟೆಗೆ ಬಂದು ಕೂರುತ್ತದೆಂದು ಗೊತ್ತಿರುತ್ತದೆ.