ದವಡೆ ನೋಡಿ ಹೆಸರಿಡಿ

ತೋಳಮೀನಿನ ಹೆಸರಿನಲ್ಲಿ ಎಡವಿದವರಲ್ಲಿ ಬೆಂಗಳೂರಿನ ಅಕ್ವೇರಿಯಂ ಅಂಗಡಿಯವರು ಮೊದಲಿಗರೇನಲ್ಲ. 1794ರಲ್ಲಿ ಬರ್ಲಿನ್ನಿನ ವೈದ್ಯ ಮಾರ್ಕುಸ್ ಬ್ಲೋಖ್ ಈ ಮೀನಿಗೆ ‘ಮಲಬಾರಿಕಸ್’ ಎಂದು ಹೆಸರಿಟ್ಟ. ತರಂಗಂಬಾಡಿಯ ಮಿಷನರಿಗಳು ಅವನಿಗೆ ನಮ್ಮ ಕಡೆಯ ಮೀನುಗಳನ್ನು ಕಳಿಸುತ್ತಿದ್ದರು. ಇದೂ ಅಲ್ಲಿಯದೇ ಎಂದು ಅವನು ಬಗೆದ. ಆದರೆ ತೋಳಮೀನು ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಮಲಬಾರಿನ ಯಾವ ಹೊಳೆಯಲ್ಲೂ ಅದು ಇರಲಿಲ್ಲ. ಹಾಗಿದ್ದರೂ ಹಾಪ್ಲಿಯಾಸ್ ಮಲಬಾರಿಕಸ್ ಎಂಬ ಹೆಸರೇ ನಿಂತುಹೋಯಿತು.

ಬ್ಲೋಖ್‌ಗೆ ಒಂದು ವಿನಾಯಿತಿ ಕೊಡಬಹುದು, ಅವನ ಮುಂದೆ ಇದ್ದದ್ದು ಸತ್ತ ಮೀನು. ಇವತ್ತಿನ ಹವ್ಯಾಸಿಗಳ ಎದುರಿಗೆ ಜೀವಂತ ಮೀನಿದೆ, ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇರುವ ಫೋನಿದೆ. ಆದರೂ ಹೆಸರು ಹಚ್ಚುವ ರೂಢಿ ಸುಧಾರಿಸಿಲ್ಲ. ಬಳೇಪೇಟೆಯಲ್ಲಿ ವಾದ್ಯದಂಗಡಿಯೊಂದರ ಮೇಲಿನ ಮಹಡಿಯಲ್ಲಿ ತೋಳಮೀನಿನ ಟ್ಯಾಂಕೊಂದನ್ನು ನೋಡಿದೆ. ಗೇಣುದ್ದದ ಮಣ್ಣುಬಣ್ಣದ ಮೀನು ತಳಕ್ಕೆ ಹೊಟ್ಟೆ ತಾಗಿಸಿ ಮಲಗಿತ್ತು. “ಐಮಾರಾ ಸಾರ್, ಒರಿಜಿನಲ್” ಎಂದ ಮನೆಯ ಹುಡುಗ. ಐಮಾರಾ ಎಂದರೆ ತೋಳಮೀನಿನಲ್ಲೇ ಇನ್ನೊಂದು, ದೊಡ್ಡದಾಗಿ ಬೆಳೆಯುವ ಜಾತಿ. ಹೇಗೆ ಗೊತ್ತಾಯಿತಪ್ಪಾ ಎಂದರೆ, ಬಣ್ಣ ನೋಡಿ, ಮೈಮೇಲಿನ ಪಟ್ಟೆ ನೋಡಿ, ಮತ್ತೆ ಅಂಗಡಿಯವರು ಹೇಳಿದ್ದು ಕೇಳಿ.

ಈ ಮೂರೂ ನಂಬಲು ಯೋಗ್ಯವಲ್ಲ. ಅದರಲ್ಲಿ ಬಣ್ಣವಂತೂ ತೀರಾ ಮೋಸ. ಕಪ್ಪು ಜಲ್ಲಿ ಹಾಕಿದ ಟ್ಯಾಂಕಿನಲ್ಲಿ ತೋಳಮೀನು ಕಪ್ಪಾಗುತ್ತದೆ, ಬರಿ ಗಾಜಿನ ಮೇಲೆ ಬಿಳಚಿಕೊಳ್ಳುತ್ತದೆ. ಹೆದರಿದಾಗ ಒಂದು ಬಣ್ಣ, ಹೊಟ್ಟೆ ತುಂಬಿದಾಗ ಇನ್ನೊಂದು. ‘ಬ್ಲ್ಯಾಕ್ ವುಲ್ಫ್’ ಎಂಬ ಹೆಸರಿನಲ್ಲಿ ಮಾರುವುದು ಸಾಮಾನ್ಯವಾಗಿ ಹಾಪ್ಲಿಯಾಸ್ ಕುರುಪಿರಾ. 2009ರಲ್ಲಿ ಒಯಾಕಾವಾ ಮತ್ತು ಮಾಟಾಕ್ಸ್ ಎಂಬ ಬ್ರೆಜಿಲ್ಲಿನ ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ಗುರುತಿಸಿದರು. ಆದರೆ ಕಪ್ಪಗಿದ್ದ ಮಾತ್ರಕ್ಕೆ ಕುರುಪಿರಾ ಆಗುವುದಿಲ್ಲ, ಕುರುಪಿರಾ ಆದ ಮಾತ್ರಕ್ಕೆ ಸದಾ ಕಪ್ಪಗಿರುವುದೂ ಇಲ್ಲ.

ನೋಡಬೇಕಾದ್ದು ಕೆಳದವಡೆ. ಅದನ್ನು ಪಕ್ಕದಿಂದ ನೋಡಿದರೆ ಏನೂ ತಿಳಿಯದು, ಕೆಳಗಿನಿಂದ ನೋಡಬೇಕು. ಮಲಬಾರಿಕಸ್ ಗುಂಪಿನಲ್ಲಿ ದವಡೆಯ ಎರಡು ಎಲುಬುಗಳ ಒಳಅಂಚು ಗದ್ದದ ಹತ್ತಿರ ತಟ್ಟನೆ ಒಂದಕ್ಕೊಂದು ಕೂಡಿ ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಕಾಣುತ್ತದೆ. ಕುರುಪಿರಾ ಸೇರಿರುವ ಲಾಸೆರ್ಡೆ ಗುಂಪಿನಲ್ಲಿ ಅವು ಹೆಚ್ಚುಕಮ್ಮಿ ಸಮಾನಾಂತರವಾಗಿ ಸಾಗಿ ‘ಯು’ ಆಕಾರ ತಾಳುತ್ತವೆ. ನಾಲಿಗೆಯಲ್ಲೂ ವ್ಯತ್ಯಾಸವಿದೆ: ಮಲಬಾರಿಕಸ್ ಗುಂಪಿನದರ ಮೇಲೆ ಹಲ್ಲಿನ ತಟ್ಟೆಗಳಿರುತ್ತವೆ, ಲಾಸೆರ್ಡೆ ಗುಂಪಿನದು ನುಣುಪು. ಇದನ್ನು ಬೆರಳಿಟ್ಟು ಪರೀಕ್ಷಿಸಲು ಮಾತ್ರ ಹೋಗಬೇಡಿ. ಇನ್ನು ಐಮಾರಾಕ್ಕೆ ಕಿವಿರು ಮುಚ್ಚಳದ ಅಂಚಿನ ಪೊರೆಯ ಮೇಲೆ ಉದ್ದಕ್ಕೆ ನಿಂತ ಒಂದು ಕಪ್ಪು ಮಚ್ಚೆ ಇರುತ್ತದೆ.

ದವಡೆ ನೋಡಲು ಒಳ್ಳೆಯ ಸಮಯ ಕೊಳ್ಳುವ ಗಳಿಗೆಯೇ. ಅಂಗಡಿಯವರು ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಕವರನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಕೆಳಗಿನಿಂದ ನೋಡಿ. ಮೀನು ಅಲುಗಾಡದೆ ನಿಂತಾಗ ಗದ್ದದ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಟ್ಯಾಂಕಿಗೆ ಬಿಟ್ಟ ಮೇಲೆ ಅದು ತಳ ಬಿಟ್ಟು ಏಳುವುದಿಲ್ಲ, ನಿಮಗೆ ಗದ್ದ ತೋರಿಸುವುದೂ ಇಲ್ಲ.

ಇಷ್ಟೆಲ್ಲ ಯಾಕೆ ಬೇಕು ಎನ್ನುವವರಿಗೆ ಬಳೇಪೇಟೆಯ ಆ ಮಹಡಿಯನ್ನೇ ತೋರಿಸಬಹುದು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ನೀರೇ ಸುಮಾರು 450 ಕಿಲೋ ತೂಗುತ್ತದೆ. ಗಾಜು, ಸ್ಟ್ಯಾಂಡು ಬೇರೆ. ಮದ್ರಾಸ್ ತಾರಸಿಯ ಹಳೆಯ ಮನೆಗೆ ಅದೇ ಭಾರ. ಮಲಬಾರಿಕಸ್ ಆದರೆ ಒಂದೂವರೆ ಅಡಿ ಬೆಳೆದು, ಹೇಗೋ ಆ ಟ್ಯಾಂಕಿನಲ್ಲಿ ಬಾಳುತ್ತದೆ. ಐಮಾರಾ ಒಂದು ಮೀಟರ್ ದಾಟಿ ಬೆಳೆಯಬಲ್ಲದು. ಎರಡಡಿ ಅಗಲದಲ್ಲಿ ಅದಕ್ಕೆ ತಿರುಗಲೂ ಆಗದು. ಮರಿಯಲ್ಲಿ ಎರಡೂ ಮೂರಿಂಚಿನ ಮಣ್ಣುಬಣ್ಣದ ಕಡ್ಡಿಗಳು. ಬೆಲೆ ಮಾತ್ರ ಬೇರೆ ಬೇರೆ.

ದವಡೆಯ ಪರೀಕ್ಷೆಗೂ ಮಿತಿಯಿದೆ. ಅದು ಗುಂಪನ್ನು ಹೇಳುತ್ತದೆ, ಗುಂಪಿನೊಳಗಿನ ಜಾತಿಯನ್ನಲ್ಲ. ಮಲಬಾರಿಕಸ್ ಎನ್ನುವುದೇ ಒಂದು ಮೀನಲ್ಲ. ನೋಡಲು ಒಂದೇ ಥರ ಇರುವ ಈ ಮೀನುಗಳಲ್ಲಿ ವರ್ಣತಂತುಗಳ ಸಂಖ್ಯೆ 39ರಿಂದ 42ರವರೆಗೆ ಬದಲಾಗುತ್ತದೆ. ವಿಜ್ಞಾನಿಗಳು ಏಳು ಬಗೆ ಎಣಿಸಿದ್ದಾರೆ. ಅಲ್ಲಿಗೆ ಕಣ್ಣಿನ ಕೆಲಸ ಮುಗಿಯಿತು. ಆಮೇಲೆ ಸುಳಿವು ಕೊಡುವುದು ಒಂದೇ, ಮೀನು ಹಿಡಿದ ನದಿ. ವ್ಯಾಪಾರದಲ್ಲಿ ಮೊದಲು ಕಳೆದುಹೋಗುವ ಮಾಹಿತಿಯೂ ಅದೇ.

ಇದು ದೂರದ ಅಮೆಜಾನಿನ ತಾಪತ್ರಯ ಎಂದುಕೊಳ್ಳಬೇಡಿ. ನಮ್ಮ ಕೊರವ ಮೀನಿನ ಕುಲದಲ್ಲೂ ಇದೇ ಕಥೆ. 1865ರಲ್ಲಿ ಫ್ರಾನ್ಸಿಸ್ ಡೇ ಕೊಚ್ಚಿಯ ಕಡೆಯಿಂದ ಚನ್ನಾ ಡಿಪ್ಲೊಗ್ರಾಮಾ ಎಂಬ ಮೀನನ್ನು ವರ್ಣಿಸಿದ. ಮರಿಯ ಮೈಮೇಲೆ ಎರಡು ಕಪ್ಪು ಗೆರೆ. ಆಗ್ನೇಯ ಏಷ್ಯಾದ ಚನ್ನಾ ಮೈಕ್ರೊಪೆಲ್ಟಿಸ್ ಮರಿಗೂ ಅಂಥವೇ ಗೆರೆಗಳಿರುವುದರಿಂದ ಎರಡೂ ಒಂದೇ ಎಂದು ಸೇರಿಸಿಬಿಟ್ಟರು. ಹುರುಪೆ ಎಣಿಸಿ, ಡಿಎನ್‌ಎ ನೋಡಿ ಅವನ್ನು ಮತ್ತೆ ಬೇರ್ಪಡಿಸಿದ್ದು 2011ರಲ್ಲಿ. ಚನ್ನಾ ಮರುಲಿಯಸ್ ಎಂದೇ ಕರೆಯುತ್ತಿದ್ದ ಪಶ್ಚಿಮಘಟ್ಟದ ಮೀನು ಚನ್ನಾ ಸ್ಯೂಡೋಮರುಲಿಯಸ್ ಎಂಬ ಬೇರೆಯೇ ಜಾತಿ ಎಂದು ಒಪ್ಪಿದ್ದು 2017ರಲ್ಲಿ. ನಮ್ಮ ಹೊಳೆಯ ಮೀನಿನ ಗತಿಯೇ ಇಷ್ಟಾದರೆ ವಿಮಾನದಲ್ಲಿ ಬಂದ ಮೀನಿನ ಚೀಟಿಯನ್ನು ನಂಬುವುದು ಹೇಗೆ?

ಹವ್ಯಾಸಿಗಳನ್ನು ಸಾರಾಸಗಟಾಗಿ ಹಳಿಯಲಾರೆ. ಮೀನು ಯಾವ ಹೊತ್ತಿಗೆ ಬೇಟೆಗೆ ಏಳುತ್ತದೆ, ಎಷ್ಟು ಬೇಗ ಬೆಳೆಯುತ್ತದೆ, ಗಾಜಿಗೆ ಯಾವಾಗ ಢಿಕ್ಕಿ ಹೊಡೆಯುತ್ತದೆ ಎಂಬುದು ಮ್ಯೂಸಿಯಮ್ಮಿನಲ್ಲಿ ಸತ್ತ ಮೀನಿನ ಸ್ಪಿರಿಟ್ ಬಾಟಲಿ ಕಾಯುವವರಿಗಿಂತ ಇವರಿಗೇ ಚೆನ್ನಾಗಿ ಗೊತ್ತು. ಅಷ್ಟು ಸೂಕ್ಷ್ಮವಾಗಿ ನೋಡುವವರು ಹೆಸರಿನ ವಿಷಯ ಬಂದಾಗ ಪಕ್ಕದಿಂದ ತೆಗೆದ ಒಂದು ಫೋಟೋ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಮಾರುವವರಲ್ಲಿ ಕೇಳಿಕೊಳ್ಳುವುದು ಇಷ್ಟು: ಚೀಟಿಯ ಮೇಲೆ ಮೀನು ಬಂದ ನದಿಯ ಹೆಸರು ಬರೆಯಿರಿ. ಅದು ತಿಳಿಯದಿದ್ದರೆ ‘ತೋಳಮೀನು’ ಎಂದಷ್ಟೇ ಬರೆಯಿರಿ, ಐಮಾರಾದ ಬೆಲೆ ಕೇಳಬೇಡಿ. ಕೊಂಡವರಿಗೂ ಒಂದು ಮಾತು. ಮೀನು ಟ್ಯಾಂಕ್ ಮೀರಿ ಬೆಳೆದರೆ ಅಂಗಡಿಗೇ ಮರಳಿಸಿ, ಊರಿನ ಯಾವ ಕೆರೆಗೂ ಬಿಡಬೇಡಿ.