ಕಾಗದದಲ್ಲಿ ಗೆದ್ದ ಇಗ್ವಾನ

ಕೇರನ್ ಕೌಫ್‌ಮನ್ ಆರ್ಲಾಫ್ ಬರೆದು ಡೇವಿಡ್ ಕ್ಯಾಟ್ರೋ ಚಿತ್ರ ಬಿಡಿಸಿದ ‘ಐ ವಾನ್ನಾ ಇಗ್ವಾನ’ 2004ರಲ್ಲಿ ಹೊರಬಂತು. ವಾದ ಮಂಡಿಸಿ ಬರೆಯುವುದನ್ನು ಮಕ್ಕಳಿಗೆ ಕಲಿಸಬೇಕಾದಾಗ ಅಮೆರಿಕದ ಪ್ರಾಥಮಿಕ ಶಾಲೆಯ ಮೇಷ್ಟರುಗಳು ಥಟ್ಟನೆ ಕೈಗೆತ್ತಿಕೊಳ್ಳುವ ಚಿತ್ರಪುಸ್ತಕಗಳಲ್ಲಿ ಇದೊಂದು. 2010ರಲ್ಲಿ ಒಂದು, 2014ರಲ್ಲಿ ಇನ್ನೊಂದು ಮುಂದುವರಿಕೆಯೂ ಬಂದವು. ಇಷ್ಟೊಂದು ಮೆಚ್ಚುಗೆ ಗಳಿಸಿದ ಪುಸ್ತಕದಲ್ಲಿ ಇಗ್ವಾನವೇ ಇಲ್ಲ ಎಂಬುದು ನನ್ನ ತಕರಾರು. ಪುಟಪುಟದಲ್ಲೂ ಹಸಿರು ಬಣ್ಣದ್ದೊಂದು ಕೂತಿದೆ, ನಿಜ. ಅದು ಪ್ರಾಣಿಯಲ್ಲ, ವಾದಕ್ಕೆ ಒದಗಿದ ನೆಪ.

ಕಥೆಗೆ ಎರಡು ಸಾಲು ಸಾಕು. ಅಲೆಕ್ಸ್ ಎಂಬ ಹುಡುಗನ ಗೆಳೆಯ ಊರು ಬಿಡುತ್ತಿದ್ದಾನೆ. ಅವನ ಇಗ್ವಾನದ ಮರಿಯನ್ನು ತನಗೆ ಕೊಡಿಸಬೇಕೆಂದು ಅಲೆಕ್ಸ್ ಅಮ್ಮನಿಗೆ ಕಾಗದದ ಮೇಲೆ ಕಾಗದ ಬರೆಯುತ್ತಾನೆ. ಅಮ್ಮ ಒಂದೊಂದಕ್ಕೂ ಉತ್ತರ ಬರೆದು, ಕೊನೆಗೆ ಒಪ್ಪುತ್ತಾಳೆ.

ಕ್ಯಾಟ್ರೋ ಚಿತ್ರಗಳ ಬಗ್ಗೆ ಎರಡು ಮಾತಿಲ್ಲ. ಹುಡುಗನ ಕಲ್ಪನೆಯಲ್ಲಿ ಹಲ್ಲಿ ಮನುಷ್ಯರ ಹಾಗೆ ಒರಗಿ ಕೂರುವ ಪುಟಗಳು ಗುಂಡಿಗೆಯಿರುವ ಕಲಾವಿದನ ಕೆಲಸ. ಆರ್ಲಾಫ್ ಅವರ ಅಮ್ಮನೂ ಮಕ್ಕಳ ಸಾಹಿತ್ಯದಲ್ಲಿ ಅಪರೂಪದವಳು: ಗದರುವುದಿಲ್ಲ, ಉಪದೇಶ ಮಾಡುವುದಿಲ್ಲ, ಮಗನಿಗಿಂತ ಚೆನ್ನಾಗಿ ಕಾಗದ ಬರೆಯುತ್ತಾಳೆ. ಹೊಗಳಿಕೆಯ ಬಾಕಿ ಇಲ್ಲಿಗೆ ತೀರಿತು.

ಆರಡಿಯ ಕಾಗದವನ್ನು ನೋಡಿ. ಇಗ್ವಾನ ಆರಡಿಗೂ ಮಿಕ್ಕಿ ಬೆಳೆಯುತ್ತದೆ, ನಿನ್ನ ಕೋಣೆಯಲ್ಲಿ ಜಾಗವೆಲ್ಲಿದೆ ಎಂದು ಅಮ್ಮ ಕೇಳುತ್ತಾಳೆ. ಅಷ್ಟು ಬೆಳೆಯಲು ಹದಿನೈದು ವರ್ಷ ಬೇಕು, ಅಷ್ಟರಲ್ಲಿ ನನಗೆ ಮದುವೆಯಾಗಿ ಬೇರೆ ಮನೆ ಆಗಿರುತ್ತದೆ ಎನ್ನುತ್ತಾನೆ ಮಗ. ಆರಡಿ ಹಲ್ಲಿ ಇಟ್ಟುಕೊಂಡವನನ್ನು ಯಾವ ಹುಡುಗಿ ಮದುವೆಯಾಗುತ್ತಾಳೆ ಎಂಬುದು ಅಮ್ಮನ ಮರುಪ್ರಶ್ನೆ. ಓದುವವರೂ ಕೇಳುವವರೂ ನಗುತ್ತಾರೆ, ನಾನೂ ನಕ್ಕೆ. ನಗು ಮುಗಿಯುವಷ್ಟರಲ್ಲಿ ಪುಸ್ತಕದ ಒಂದೇ ಒಂದು ಗಟ್ಟಿ ಆಕ್ಷೇಪ ಸತ್ತುಹೋಗಿರುತ್ತದೆ.

ಹದಿನೈದು ವರ್ಷವೆಂಬುದು ಹಸಿರು ಇಗ್ವಾನದ ಆಯುಸ್ಸಿನ ಲೆಕ್ಕಕ್ಕೆ ಹತ್ತಿರ, ಬೆಳವಣಿಗೆಯ ಲೆಕ್ಕಕ್ಕಲ್ಲ. ಮೊಟ್ಟೆಯೊಡೆದು ಬಂದಾಗ ಬಾಲ ಸೇರಿ ಒಂದು ಗೇಣಿಗೆ ಒಂದಿಷ್ಟು ಆಚೀಚೆ ಇರುವ ಮರಿ, ಹೊಟ್ಟೆಗೆ ಸರಿಯಾಗಿ ಬಿದ್ದು ಕಾವು ಸಿಕ್ಕರೆ ಮೂರು ವರ್ಷದ ಸುಮಾರಿಗೆ ನಾಲ್ಕಡಿ ಮುಟ್ಟುವುದುಂಟು. ಅಷ್ಟರಲ್ಲಿ ಪ್ರಾಯಕ್ಕೂ ಬಂದಿರುತ್ತದೆ. ಅಂದರೆ ಅಲೆಕ್ಸ್‌ನ ಮದುವೆಯ ಹೊತ್ತಿಗಲ್ಲ, ಅವನು ಹೈಸ್ಕೂಲಿನ ಮೆಟ್ಟಿಲು ಹತ್ತುವ ಮೊದಲೇ ಬೆದೆಗೆ ಬಂದ ಗಂಡೊಂದು ಅವನ ಕೋಣೆಯಲ್ಲಿರುತ್ತದೆ. ಗರಗಸದಂಥ ಹಲ್ಲಿನಿಂದ ಕಚ್ಚಿದರೆ ಹೊಲಿಗೆ ಹಾಕಿಸಬೇಕು. ಬಾಲ ಬೀಸಿದರೆ ಚಾಟಿಯೇಟು. ನಿನ್ನೆಯವರೆಗೆ ಹೆಗಲ ಮೇಲೆ ಕೂತಿದ್ದ ಪ್ರಾಣಿ ಬೆದೆಯ ಕಾಲದಲ್ಲಿ ಸಾಕಿದವನನ್ನೇ ಪ್ರತಿಸ್ಪರ್ಧಿಯೆಂದು ಅಟ್ಟಿಸಿಕೊಂಡು ಬರುವುದುಂಟು. ಇನ್ನು ಅದು ಹೆಣ್ಣಾದರೆ ಗಂಡಿನ ಸಂಗವಿಲ್ಲದೆಯೂ ಹತ್ತಾರು ಮೊಟ್ಟೆ ಕಟ್ಟುತ್ತದೆ. ತೋಡಿ ಇಡಲು ಮಣ್ಣಿನ ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೇ ಕುತ್ತು. ಮರಿಯನ್ನು ನೋಡಿ ಗಂಡೋ ಹೆಣ್ಣೋ ಹೇಳುವುದು ಕಷ್ಟ. ಆ ಪ್ರಶ್ನೆಯನ್ನು ಪುಸ್ತಕದಲ್ಲಿ ಯಾರೂ ಕೇಳುವುದಿಲ್ಲ.

ಇದು ಒಂದು ಕಾಗದದ ದೋಷವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇಡೀ ಪುಸ್ತಕದ ತಂತ್ರವೇ ಇದು: ಅಮ್ಮ ಒಂದು ಸಂಗತಿ ಎತ್ತುತ್ತಾಳೆ, ಮಗ ಒಂದು ಹಾರಿಕೆಯ ಉತ್ತರ ಕೊಡುತ್ತಾನೆ, ಅಮ್ಮ ಅದಕ್ಕೊಂದು ನಗೆಮಾತು ಸೇರಿಸುತ್ತಾಳೆ, ಸಂಗತಿ ಅಲ್ಲಿಗೆ ಮುಗಿಯಿತು. ಎರಡನೇ ಸಲ ಯಾವುದೂ ಮೇಲೆ ಬರುವುದಿಲ್ಲ. ಹುಡುಗನದು ಉಡದ ಪಟ್ಟು; ಸಡಿಲುವವಳು ಅಮ್ಮ.

ಮೌನದ ಮಾತಿಗೆ ಬರೋಣ. ಇಗ್ವಾನ ಸದ್ದು ಮಾಡುವುದಿಲ್ಲ ಎಂಬುದು ಅಲೆಕ್ಸ್ ಪಾಲಿಗೆ ದೊಡ್ಡ ಶಿಫಾರಸು. ನನ್ನ ಮಟ್ಟಿಗೆ, ಈ ಪ್ರಾಣಿ ಮಗುವಿನ ಮೊದಲ ಸರೀಸೃಪ ಆಗಬಾರದು ಎನ್ನಲು ಅದೇ ಮೊದಲ ಕಾರಣ. ನಾಯಿ ಹಸಿದರೆ ಕೂಗುತ್ತದೆ, ಬೆಕ್ಕು ಕಾಲಿಗೆ ಸುತ್ತಿಕೊಳ್ಳುತ್ತದೆ, ಗಿಳಿ ಮನೆಯನ್ನೇ ತಲೆಯ ಮೇಲೆ ಹೊರುತ್ತದೆ. ಇಗ್ವಾನ ಹೇಳದೆ ಕೇಳದೆ ತಿಂಗಳುಗಟ್ಟಲೆ ಸಾಯುತ್ತಿರುತ್ತದೆ. ಅದರ ಮೈಗೆ ಬಿಸಿಲಿನ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ತಡೆದುಬಿಡುತ್ತದೆ. ಅದಕ್ಕೆಂದೇ ಸಿಗುವ ಬಲ್ಬು ಹಾಕಿದರೂ, ಬೆಳಕು ಚೆನ್ನಾಗಿಯೇ ಬರುತ್ತಿರುವಾಗ ಒಳಗಿನ ಕಿರಣದ ಶಕ್ತಿ ಕುಗ್ಗಿರುತ್ತದೆ. ಆರೆಂಟು ತಿಂಗಳಿಗೋ ವರ್ಷಕ್ಕೋ ಬದಲಿಸುತ್ತಿರಬೇಕು. ಕಿರಣವಿಲ್ಲದೆ ಡಿ ಜೀವಸತ್ವವಿಲ್ಲ, ಅದಿಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಆಗ ದೇಹ ತನ್ನ ಮೂಳೆಯಿಂದಲೇ ಸುಣ್ಣ ತೆಗೆಯತೊಡಗುತ್ತದೆ. ದವಡೆ ರಬ್ಬರಿನಂತೆ ಬಾಗುತ್ತದೆ. ಸವೆದ ಮೂಳೆಯ ಸುತ್ತ ನಾರು ಬೆಳೆದು ತೊಡೆ ಊದಿಕೊಳ್ಳುತ್ತದೆ. ಊದಿದ ತೊಡೆ ನೋಡಿದ ಮಗು, ಅಷ್ಟೇಕೆ, ಅಪ್ಪ ಅಮ್ಮ ಕೂಡ, ಮರಿ ದಷ್ಟಪುಷ್ಟವಾಗುತ್ತಿದೆ ಎಂದು ಖುಷಿಪಡುತ್ತಾರೆ. ಎತ್ತಿಕೊಂಡಾಗ ಅಲುಗಾಡದೆ ಕೂತರೆ ಪ್ರೀತಿ ಎನ್ನುತ್ತಾರೆ. ಬಹಳ ಸಲ ಅದು ಭಯ, ಕೆಲವು ಸಲ ನಿಶ್ಶಕ್ತಿ.

ಒಪ್ಪಿಗೆಗೆ ಮುಂಚೆ ಅಮ್ಮ, ಪ್ರಾಣಿ ಬಂದರೆ ಹೇಗೆ ನೋಡಿಕೊಳ್ಳುತ್ತೀಯೆ ಎಂದು ಕೇಳುತ್ತಾಳೆ. ಇಡೀ ಪುಸ್ತಕದ ಅತ್ಯುತ್ತಮ ಪ್ರಶ್ನೆ. ದಿನಾ ಮೇವು ಹಾಕುತ್ತೇನೆ, ನೀರಿಡುತ್ತೇನೆ, ಗಲೀಜಾದಾಗ ಗೂಡು ತೊಳೆಯುತ್ತೇನೆ ಎಂದು ಅಲೆಕ್ಸ್ ಬರೆಯುತ್ತಾನೆ. ತಿನ್ನುವುದು ಲೆಟಿಸ್ ಎಂದು ಆವರಣದಲ್ಲಿ ಸೇರಿಸುತ್ತಾನೆ. ಈ ಉತ್ತರಕ್ಕೆ ಅಮ್ಮನಿಂದ ಪೂರ್ತಿ ಅಂಕ. ನಾನಾಗಿದ್ದರೆ ಕಾಗದ ವಾಪಸು ಕಳಿಸುತ್ತಿದ್ದೆ. ಪೇಟೆಯ ಸಾದಾ ಲೆಟಿಸ್‌ನಲ್ಲಿ ನೀರೇ ಹೆಚ್ಚು. ಅದನ್ನೇ ಹಾಕಿ ಸಾಕಿದ ಇಗ್ವಾನ ಹೊಟ್ಟೆ ತುಂಬಿಯೂ ಸೊರಗುತ್ತದೆ. ಬೇಕಾದದ್ದು ರಂಜಕಕ್ಕಿಂತ ಸುಮಾರು ಇಮ್ಮಡಿ ಸುಣ್ಣದಂಶವಿರುವ ಕಡುಹಸಿರು ಸೊಪ್ಪು: ಅಮೆರಿಕದಲ್ಲಿ ಕಾಲರ್ಡ್, ಸಾಸಿವೆ ಸೊಪ್ಪು, ಡ್ಯಾಂಡೆಲಿಯನ್; ನಮ್ಮಲ್ಲಿಯಾದರೆ ನುಗ್ಗೆ, ದಾಸವಾಳದ ಎಲೆ. ಪಾಲಕ್ ದಿನನಿತ್ಯಕ್ಕೆ ಸಲ್ಲದು, ಅದರ ಆಕ್ಸಲೇಟ್ ಸುಣ್ಣವನ್ನು ಹಿಡಿದಿಡುತ್ತದೆ. ಮಾಂಸ, ಮೊಟ್ಟೆ ಬೇಡವೇ ಬೇಡ. ಸೊಪ್ಪು ಸರಿಯಾಗಿದ್ದರೂ ಕಾವಿಲ್ಲದಿದ್ದರೆ ಕೆಲಸ ಕೆಟ್ಟಿತು. ಇದರ ಜೀರ್ಣಕ್ರಿಯೆ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ಹುದುಗಿನಿಂದ ನಡೆಯುತ್ತದೆ. ಆ ಹುದುಗಿಗೆ ಬಿಸಿ ಬೇಕು. ಮೈ ಕಾಯಿಸುವ ಜಾಗದಲ್ಲಿ 35 ಡಿಗ್ರಿ ಸೆಲ್ಸಿಯಸ್ ಹತ್ತಿರ, ರಾತ್ರಿಯೂ ಬೆಚ್ಚಗೆ. ಮರದ ಮೇಲೆ ಬದುಕುವ ಪ್ರಾಣಿಯಾದ್ದರಿಂದ ಗೂಡಿಗೆ ಆಳೆತ್ತರ ಬೇಕು. ಬೆಳೆದ ಮೇಲೆ ಅದನ್ನು ಗೂಡೆನ್ನುವುದಕ್ಕಿಂತ ಕೋಣೆಯೆನ್ನುವುದು ಸರಿ. ಇಷ್ಟನ್ನೂ ಬರೆಯಲು ಮಕ್ಕಳ ಪುಸ್ತಕದಲ್ಲಿ ಜಾಗವಿಲ್ಲ, ಒಪ್ಪಿದೆ. ಬಲ್ಬಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲು ಜಾಗವಿತ್ತು.

ಇನ್ನೊಂದು ಲೋಪವಂತೂ ಕ್ಷಮೆಗೆ ಮೀರಿದ್ದು. ಇಗ್ವಾನ ನನಗೆ ತಮ್ಮನಿದ್ದಂತೆ ಎನ್ನುವ ಅಲೆಕ್ಸ್‌ಗೆ, ನಿನಗೆ ತಮ್ಮನಿದ್ದಾನಲ್ಲ ಎಂದು ಅಮ್ಮ ನೆನಪಿಸುತ್ತಾಳೆ. ಅವನಿನ್ನೂ ಪುಟ್ಟ ಮಗು, ಅವನಿಂದೇನು ಮಜಾ ಎನ್ನುತ್ತಾನೆ ಇವನು. ಮನೆಯಲ್ಲಿ ಕೂಸಿದೆ ಎಂದಾದರೆ ಚರ್ಚೆ ಅಲ್ಲಿಗೇ ನಿಲ್ಲಬೇಕಿತ್ತು. ಆರೋಗ್ಯವಾಗಿ ಕಾಣುವ ಇಗ್ವಾನವೂ ಮಲದಲ್ಲಿ ಸಾಲ್ಮೊನೆಲ್ಲಾ ರೋಗಾಣು ಹೊರಹಾಕಬಹುದು. ಕೂಸು ಪ್ರಾಣಿಯನ್ನು ಮುಟ್ಟಬೇಕಿಲ್ಲ. ಮುಟ್ಟಿದವರ ಕೈ, ಗೂಡು ತೊಳೆದ ಸಿಂಕು ಸಾಕು. ಇದೇ ಕಾರಣಕ್ಕೆ ಅಮೆರಿಕದ ಸರ್ಕಾರ 1975ರಲ್ಲಿ ನಾಲ್ಕಿಂಚಿಗಿಂತ ಚಿಕ್ಕ ಚಿಪ್ಪಿನ ಆಮೆಮರಿಗಳ ಮಾರಾಟವನ್ನು ನಿಷೇಧಿಸಿತ್ತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡವೆಂಬುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಸಲಹೆ. 2004ರ ಲೇಖಕಿಗೆ ಇದು ಸಿಗದ ಮಾಹಿತಿಯಲ್ಲ.

ಇಲ್ಲಿ ನನ್ನ ಮೇಲೆ ಎರಡು ಕಡೆಯಿಂದ ಏರಿಬರುವವರಿದ್ದಾರೆ. ಮೊದಲ ಗುಂಪು ರಸಿಕರದು: ನಗಿಸಲು ಬರೆದ ಪುಸ್ತಕದಲ್ಲಿ ಪಶುವೈದ್ಯ ಹುಡುಕುವುದು ಅರಸಿಕತನ, ‘ಕಿಂದರಿಜೋಗಿ’ ಓದಿ ಇಲಿಗಳ ಶಾಸ್ತ್ರ ಕೇಳುತ್ತೀರಾ ಎನ್ನುತ್ತಾರೆ. ಕೇಳುವುದಿಲ್ಲ. ಬೊಮ್ಮನಹಳ್ಳಿಯ ಇಲಿಗಳನ್ನು ಮನೆಗೆ ತಂದು ಸಾಕೆಂದು ಕುವೆಂಪು ಯಾವ ಮಗುವಿಗೂ ಹೇಳಿಕೊಡಲಿಲ್ಲ; ಆ ಪದ್ಯದ ಲೋಕಕ್ಕೆ ಅದರದೇ ನಿಯಮ. ಈ ಪುಸ್ತಕ ನಿಂತಿರುವುದು ಮನೆ, ಕೋಣೆ, ಗೂಡು, ಮೇವು ಎಂಬ ನಿಜಲೋಕದ ಮೇಲೆ. ಆರಡಿ ಎಂಬ ನಿಜ ಸಂಗತಿಯಿಂದಲೇ ಅದು ನಗು ಹುಟ್ಟಿಸುತ್ತದೆ. ಸಂಗತಿಯಿಂದ ನಗು ಹುಟ್ಟಿಸುವವರು ಸಂಗತಿಗೆ ಜವಾಬು ಹೇಳಬೇಕು. ಮಕ್ಕಳಿಗೆ ಸಂಗತಿ ಒಗ್ಗುವುದಿಲ್ಲ ಎನ್ನುವವರಿಗೆ 1936ರಲ್ಲೇ ‘ಬಾಲಪ್ರಪಂಚ’ ಹೊರತಂದ ಕಾರಂತರೇ ಉತ್ತರ. ಹಲ್ಲಿಯ ಜಾತಿಯ ಪ್ರಾಣಿಯನ್ನು ನಂಬಿ ಸಾಹಿತ್ಯ ಕಟ್ಟಲಾಗದು ಎನ್ನುವವರು ತೇಜಸ್ವಿಯವರ ‘ಕರ್ವಾಲೊ’ ಓದಿಲ್ಲ. ಅಲ್ಲಿ ಹಾರುವ ಓತಿ ಯಾರ ಆಸೆಗೂ ಒಗ್ಗದೆ ತಾನೇ ತಾನಾಗಿದೆ, ಆ ಕಾದಂಬರಿಯ ಬಲವೇ ಅದು.

ಎರಡನೆಯ ಗುಂಪು ಮೇಷ್ಟರುಗಳದು, ಅವರ ಮೇಲೆ ನನಗೆ ಹೆಚ್ಚು ಸಿಟ್ಟು. ವಾದ ಕಲಿಸಲು ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ ಎನ್ನುತ್ತಾರೆ. ಇದರಲ್ಲಿ ವಾದವೆಲ್ಲಿದೆ? ಅಲೆಕ್ಸ್ ಒಂದು ಮಾತನ್ನೂ ಯಾರನ್ನೂ ಕೇಳಿ ಖಚಿತಪಡಿಸಿಕೊಳ್ಳುವುದಿಲ್ಲ. ಪ್ರಾಣಿಯನ್ನು ಬಲ್ಲವರ ಬಳಿ ಹೋಗುವುದಿಲ್ಲ. ಬೆಳವಣಿಗೆಯ ಲೆಕ್ಕ ತಪ್ಪು, ಮೇವು ತಪ್ಪು, ಮೌನ ಒಳ್ಳೆಯದೆಂಬುದು ತಪ್ಪು. ಆದರೂ ಗೆಲ್ಲುತ್ತಾನೆ, ಯಾಕೆಂದರೆ ಬಿಡದೆ ಬರೆದ, ಮುದ್ದಾಗಿ ಬರೆದ. ಇದನ್ನು ತರಗತಿಯಲ್ಲಿ ಮಾದರಿಯೆಂದು ಹಂಚಿದರೆ ಮಗು ಕಲಿಯುವುದು ಕಾಡಿ ಬೇಡುವ ಕಲೆಯನ್ನು. ಅದನ್ನು ಕಲಿಸಲು ಶಾಲೆ ಬೇಕಿಲ್ಲ.

ಹೀಗೆ ಗೆದ್ದು ತಂದ ಇಗ್ವಾನಗಳ ಮುಂದಿನ ಕಥೆ ಫ್ಲಾರಿಡಾದಲ್ಲಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಪ್ರಾಣಿ ಅಲ್ಲಿ 1960ರ ದಶಕದಲ್ಲೇ ಕಾಣಿಸಿಕೊಂಡಿತು. ಸಾಕಲಾರದೆ ಬಿಟ್ಟವು, ತಪ್ಪಿಸಿಕೊಂಡವು ಸೇರಿ ಹೆಚ್ಚುತ್ತ, ಕಾಲುವೆ ದಂಡೆ ಕೊರೆದು ತೋಟ ಮೇಯುವ ಪಿಡುಗಾದವು. 2020ರ ಜನವರಿಯ ಚಳಿಯಲ್ಲಿ, ಮರಗಟ್ಟಿದ ಇಗ್ವಾನಗಳು ಮರದಿಂದ ಬಿದ್ದಾವು ಎಂದು ಮಿಯಾಮಿಯ ಹವಾಮಾನ ಕಚೇರಿ ಎಚ್ಚರಿಸಿತು. ಸುದ್ದಿಯನ್ನು ಲೋಕವೆಲ್ಲ ನಗುತ್ತ ಹಂಚಿಕೊಂಡಿತು. 2021ರಲ್ಲಿ ಆ ರಾಜ್ಯ ಹಸಿರು ಇಗ್ವಾನವನ್ನು ನಿಷೇಧಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಸರೀಸೃಪವೇ ಬೇಕೆಂದು ಹಟ ಹಿಡಿದ ಮಗುವಿಗೆ ಅಲ್ಲಿನ ಬಲ್ಲವರು ಲೆಪರ್ಡ್ ಗೆಕ್ಕೋ, ಕಾರ್ನ್ ಸ್ನೇಕ್‌ನಂಥ ಸಣ್ಣವುಗಳ ಹೆಸರು ಹೇಳುತ್ತಾರೆ, ಇಗ್ವಾನದ ಹೆಸರನ್ನಲ್ಲ.

ಬೆಂಗಳೂರಿನಲ್ಲೂ ಇಗ್ವಾನ ಸಾಕುವವರಿದ್ದಾರೆ. ಪುಷ್ಯದ ಇಲ್ಲಿನ ರಾತ್ರಿ ಅದಕ್ಕೆ ತಡೆಯಲಾಗದ ತಂಪು. ಕಾನೂನೂ ಸುಮ್ಮನಿಲ್ಲ: ಹಸಿರು ಇಗ್ವಾನ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ‘ಸೈಟೀಸ್’ನ ಎರಡನೇ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಕೈ ಬದಲಾದರೂ, ಸತ್ತರೂ ತಿಳಿಸಬೇಕು. ಗೆಳೆಯ ಊರು ಬಿಟ್ಟನೆಂದು ಮರಿಯನ್ನು ಡಬ್ಬಿಯಲ್ಲಿ ಹಾಕಿ ತರುವ ವ್ಯವಹಾರ ಇಲ್ಲಿ ನಡೆಯುವುದಿಲ್ಲ.

ಪುಸ್ತಕವನ್ನು ಮಕ್ಕಳಿಗೆ ಓದಿ ಹೇಳಬೇಡಿ ಎನ್ನುತ್ತಿಲ್ಲ. ಓದಿ, ಆರಡಿಯ ಕಾಗದದ ಹತ್ತಿರ ನಿಲ್ಲಿಸಿ, ಹದಿನೈದು ವರ್ಷ ನಿಜವೇ ಎಂದು ಕೇಳಿ, ಮಗುವೇ ಹುಡುಕಲಿ. ಅದಾದ ಮೇಲೂ ಹಟ ಉಳಿದರೆ, ನಿಮ್ಮ ಊರಿನಲ್ಲಿ ಇಗ್ವಾನವನ್ನು ನೋಡಬಲ್ಲ ಪಶುವೈದ್ಯರು ಯಾರೆಂದು ವಿಚಾರಿಸಿ. ಅಂಥವರ ಫೋನ್ ನಂಬರು ಕೈಗೆ ಸಿಗುವ ತನಕ ಮಗುವಿನ ಯಾವ ಕಾಗದಕ್ಕೂ ಒಪ್ಪಿಗೆ ಬರೆಯಬೇಡಿ.