ಕಾಣುವ ಕನ್ನಡ, ಸಿಗದ ಕನ್ನಡ

ಮುಂಬಯಿಯ ನಮ್ಮವರ ಕೆಲವು ಜಾಲತಾಣಗಳನ್ನು ಈಚೆಗೆ ಕುಳಿತು ನೋಡಿದೆವು. ಅಂದಚಂದಕ್ಕೆ ಕೊರತೆಯಿಲ್ಲ. ಆದರೆ ಹಳೆಯ ಲೇಖನಗಳಲ್ಲಿ ಹಲವು ಬರಿಯ ಪುಟದ ಚಿತ್ರಗಳು. ಹುಡುಕಿದರೆ ಸುಲಭವಾಗಿ ಸಿಗವು. ಇನ್ನು ಕೆಲವು ಹಳೆಯ ಫಾಂಟಿನವು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡವನ್ನು ಕೂರಿಸಿದ್ದವು. ಫಾಂಟಿಲ್ಲದ ಬ್ರೌಸರಿನಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳಷ್ಟೆ. ಒಂದು ಕಾಲಕ್ಕೆ ಅವು ಸಲ್ಲಿಸಿದ ಸೇವೆಯನ್ನು ನಾವು ಮರೆಯುವುದಿಲ್ಲ. ಆದರೆ 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದೆ. ಇಂದಿಗೂ ಚಿತ್ರ ಅಂಟಿಸಿ ಕೈತೊಳೆದುಕೊಳ್ಳುವುದು ತಾಣ ಕಟ್ಟುವವರ ಸೋಮಾರಿತನ. ಕೇಳದೆ ಸುಮ್ಮನಿರುವುದು ನಮ್ಮ ತಪ್ಪು. ಡೊಂಬಿವಲಿಯಲ್ಲಿ ಬೆಳೆದ ಮೊಮ್ಮಗಳು ಹುಡುಕಿದರೆ ಅಜ್ಜನ ಲೇಖನ ಸಿಗಬೇಡವೆ? ತಾಣ ತೆರೆದೊಡನೆ ಬಣ್ಣ ಮೆಚ್ಚುವ ಮೊದಲು ಒಂದು ಪದ ಹುಡುಕಿ ನೋಡೋಣ. ಅದೇ ನಿಜವಾದ ಪರೀಕ್ಷೆ.